ಹೊಕ್ಕ ಊರಿನ ಊಟ

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬುದು ನಮ್ಮಲ್ಲಿ ಹಳೆಯ ಗಾದೆ. ಹಿಂದಿನ ಕಾಲದಲ್ಲಿ ಊರಿಗೆ ಹೊಸದಾಗಿ ಬಂದ ಸೊಸೆಯನ್ನು ಕಾಣಬೇಕಾದರೆ ಬಾವಿಕಟ್ಟೆಯ ಬಳಿ ಸ್ವಲ್ಪ ಹೊತ್ತು ಕಾದರೆ ಸಾಕಾಗಿತ್ತು. ಮನೆಮನೆಗೆ ನಲ್ಲಿ ಬಂದ ಮೇಲೆ ಬಾವಿಕಟ್ಟೆಯ ಆ ಮಹತ್ತ್ವ ಕುಗ್ಗಿತು. ಆದರೆ ಹೊಸಬರು ಊರಿಗೆ ನಿಜವಾಗಿಯೂ ಬಂದರೋ ಇಲ್ಲವೋ ಎಂಬುದನ್ನು ತಿಳಿಯುವ ಇನ್ನೊಂದು ಸ್ಥಳ ಇಂದಿಗೂ ಉಳಿದಿದೆ. ಅದು ಸಂತೆ. ಬಾಡಿಗೆಯ ಮನೆ ಹಿಡಿದು, ಸಾಮಾನು ಇಳಿಸಿ, ಬಾಗಿಲಿಗೆ ಹೆಸರಿನ ಹಲಗೆ ತಗುಲಿಸಿದ ಮಾತ್ರಕ್ಕೆ ಯಾರೂ ಆ ಊರಿನವರಾಗುವುದಿಲ್ಲ. ದೇಹ ಇಲ್ಲಿದ್ದು ನಾಲಗೆ ಮಾತ್ರ ಹಿಂದಿನ ಊರಿನಲ್ಲಿಯೇ ಉಳಿದಿರುವ ಜನ ಎಷ್ಟೋ ಮಂದಿ.

ಭದ್ರಾವತಿ ಇಂಥ ಹೊಸಬರಿಂದಲೇ ಬೆಳೆದ ಊರು. ಭದ್ರಾ ನದಿಯ ದಡದಲ್ಲಿದ್ದ ಬೆಂಕಿಪುರವೆಂಬ ಸಣ್ಣ ಊರಿನ ಬಳಿ ಮೈಸೂರು ಸಂಸ್ಥಾನವು 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕಾರ್ಯವನ್ನು ಆರಂಭಿಸಿತು. 1923ರಲ್ಲಿ ಅಲ್ಲಿಯ ಊದುಕುಲುಮೆ ಕಬ್ಬಿಣವನ್ನು ಹರಿಸತೊಡಗಿತು. ಆ ವರ್ಷವೇ ವಿಶ್ವೇಶ್ವರಯ್ಯನವರು ಕಾರ್ಖಾನೆಯ ಆಡಳಿತದ ಹೊಣೆಯನ್ನು ವಹಿಸಿಕೊಂಡರು. ಮುಂದೆ 1936ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಅದರ ನೌಕರರ ವಸತಿಗಳು ಎದ್ದ ಭಾಗವೇ ಕಾಗದನಗರ. ಜನರ ಬಾಯಿಯಲ್ಲಿ ಅದು ಹೆಚ್ಚಾಗಿ ಪೇಪರ್ ಟೌನ್. ಬಯಲುಸೀಮೆಯ ಕನ್ನಡಿಗರು, ತಮಿಳರು, ತೆಲುಗರು, ಮಲಯಾಳಿಗಳು, ಮರಾಠಿ ಮಾತನಾಡುವವರು ಎಲ್ಲರೂ ಕೆಲಸವನ್ನು ಅರಸಿ ಬಂದು ಒಂದೇ ಸಾಲಿನ ಮನೆಗಳಲ್ಲಿ ನೆಲಸಿದರು. ಸಂಜೆ ಆ ಬೀದಿಯಲ್ಲಿ ನಡೆದವನಿಗೆ ಯಾವ ಮನೆಯಲ್ಲಿ ಯಾವ ಸೀಮೆಯವರಿದ್ದಾರೆ ಎಂಬುದನ್ನು ಒಗ್ಗರಣೆಯ ವಾಸನೆಯೇ ಹೇಳುತ್ತಿತ್ತು.

ಇಂಥ ಮನೆಗಳ ಮೊದಲ ವರ್ಷದ ಅಡಿಗೆಯ ಕಥೆ ಬಹುಮಟ್ಟಿಗೆ ಒಂದೇ ಬಗೆಯದು. ರಜೆಯಲ್ಲಿ ಊರಿಗೆ ಹೋದವರು ಹಿಂದಿರುಗುವಾಗ ಹುಣಿಸೆಹಣ್ಣು, ಬೇಳೆ, ಸಾರಿನ ಪುಡಿ, ಹಪ್ಪಳ ಎಲ್ಲವನ್ನೂ ಗಂಟುಕಟ್ಟಿ ತರುತ್ತಾರೆ. ಆ ಗಂಟು ಕರಗುತ್ತ ಬಂದಂತೆ ಮನೆಯೊಡತಿಯ ಮುಖವೂ ಬಾಡುತ್ತ ಬರುತ್ತದೆ. ಸಂತೆಗೆ ಹೋದರೆ ತನ್ನ ಊರಿನಲ್ಲಿ ಸಿಗುತ್ತಿದ್ದ ಕಾಯಿಪಲ್ಲೆಯನ್ನೇ ಹುಡುಕುತ್ತಾಳೆ. ಸಿಕ್ಕರೆ ಅದು ದೂರದಿಂದ ಬಂದು ಬಾಡಿದ್ದು, ಬೆಲೆಯೂ ಹೆಚ್ಚು. ಸಿಗದಿದ್ದರೆ, “ಇದೆಂಥ ಊರು, ಇಲ್ಲಿ ಏನೂ ಸಿಗುವುದಿಲ್ಲ” ಎಂಬ ತೀರ್ಪು. ಆ ತೀರ್ಪು ಹೊರಬೀಳುವಾಗ ಅವಳ ಎಡಕ್ಕೂ ಬಲಕ್ಕೂ ಮಲೆನಾಡಿನ ಅರ್ಧ ಕಾಡು ರಾಶಿಬಿದ್ದಿರುತ್ತದೆ! ಕಾಣುವ ಕಣ್ಣು ಮಾತ್ರ ಇನ್ನೂ ಬಂದಿರುವುದಿಲ್ಲ.

ಸಂತೆಯಲ್ಲಿ ಕೇಳಬಹುದಾದ ಪ್ರಶ್ನೆಗಳು ಎರಡು. “ಇಂಥದು ಇದೆಯೇ?” ಎಂಬುದು ಒಂದು. “ಇವತ್ತು ಏನು ಬಂದಿದೆ?” ಎಂಬುದು ಇನ್ನೊಂದು. ಮೊದಲನೆಯದು ಪರಸ್ಥಳದವರ ಪ್ರಶ್ನೆ, ಎರಡನೆಯದು ಊರಿನವರ ಪ್ರಶ್ನೆ. ಮೊದಲನೆಯದಕ್ಕೆ ಇದೆ ಅಥವಾ ಇಲ್ಲ ಎಂಬ ಒಂದೇ ಮಾತಿನ ಉತ್ತರ ಸಿಗುತ್ತದೆ. ಎರಡನೆಯದನ್ನು ಕೇಳಿದವರಿಗೆ ಮಳೆ, ಬೆಳೆ, ಕಾಡು, ಹೊಳೆ ಎಲ್ಲದರ ಸುದ್ದಿಯೂ ಸಿಗುತ್ತದೆ. ಶಿವಮೊಗ್ಗೆಯ ಗಾಂಧಿ ಬಜಾರಿನಲ್ಲಾಗಲಿ ಭದ್ರಾವತಿಯ ಸಂತೆಯಲ್ಲಾಗಲಿ ಮಳೆಗಾಲದಲ್ಲಿ ಕೇಳಿಬರುವ ಮಾತುಕತೆ ಸುಮಾರಾಗಿ ಹೀಗಿರುತ್ತದೆ:

“ಅಜ್ಜೀ, ಇದೇನು, ಬಾಳೆದಿಂಡೇ?”

“ಅಲ್ಲ ಅಮ್ಮೋರೆ, ಕಳಲೆ. ಬಿದಿರಿನ ಮೊಳಕೆ.”

“ಬಿದಿರನ್ನು ತಿನ್ನುತ್ತಾರೆಯೇ?”

“ಎಳೇದಿದ್ದಾಗ ತಿಂತಾರೆ. ಸಣ್ಣಗೆ ಹೆಚ್ಚಿ ನೀರಲ್ಲಿ ಹಾಕಿಡಿ. ದಿನಾ ನೀರು ಚೆಲ್ಲಿ ಬೇರೆ ನೀರು ಹಾಕಬೇಕು. ಮೂರನೇ ದಿನ ಬೇಯಿಸಿ. ಹೆಸರುಕಾಳು ಹಾಕಿದರೆ ಚೆನ್ನಾಗಿರುತ್ತೆ. ಅವಸರ ಮಾಡಬೇಡಿ ಮತ್ತೆ!”

ಕೊನೆಯ ಎಚ್ಚರಿಕೆ ಸುಮ್ಮನೆ ಹೇಳಿದ್ದಲ್ಲ. ಹಸಿಯ ಕಳಲೆಯಲ್ಲಿ ಸಯನೈಡ್ ಎಂಬ ವಿಷವನ್ನು ಹುಟ್ಟಿಸುವ ಪದಾರ್ಥವಿದೆ. ಹೆಚ್ಚಿ ನೆನೆಯಿಟ್ಟು, ನೀರನ್ನು ಮತ್ತೆಮತ್ತೆ ಬದಲಿಸಿ, ಚೆನ್ನಾಗಿ ಬೇಯಿಸಿದಾಗ ಅದು ಹೊರಟುಹೋಗುತ್ತದೆ. ರಸಾಯನಶಾಸ್ತ್ರದ ಹೆಸರನ್ನೇ ಕೇಳದ ಅಜ್ಜಿಯರು ಈ ಶುದ್ಧಿಕ್ರಮವನ್ನು ತಲೆಮಾರುಗಳಿಂದ ಸೊಸೆಯರಿಗೆ ಕಲಿಸಿಕೊಂಡು ಬಂದಿದ್ದಾರೆ. ಹೊಸ ಊರಿನ ಆಹಾರವನ್ನು ಕೊಳ್ಳುವವನು ಪದಾರ್ಥವನ್ನು ಮಾತ್ರ ಕೊಂಡರೆ ಸಾಲದು. ಅದರ ಜೊತೆಗಿರುವ ಮಾತನ್ನೂ ಕೊಳ್ಳಬೇಕು. ಆ ಮಾತಿಗೆ ಬೆಲೆಯಿಲ್ಲ, ಅಂದರೆ ಅದಕ್ಕೆ ಯಾರೂ ಹಣ ಕೇಳುವುದಿಲ್ಲ. ಕೇಳುವ ತಾಳ್ಮೆ ಮಾತ್ರ ಬೇಕು.

ಇಲ್ಲಿ ಕಾಗದನಗರಕ್ಕೇ ವಿಶೇಷವಾದ ಒಂದು ಸಂಗತಿಯುಂಟು. ಕಾಗದದ ಕಾರ್ಖಾನೆಗೆ ಬಹುಕಾಲ ಮುಖ್ಯ ಕಚ್ಚಾವಸ್ತುವಾಗಿದ್ದುದು ಇದೇ ಮಲೆನಾಡಿನ ಬಿದಿರು. ಕಾಡಿನಿಂದ ಲಾರಿಗಳಲ್ಲಿ ಬಂದ ಬಿದಿರು ಚೂರುಚೂರಾಗಿ, ಬೆಂದು, ತಿರುಳಾಗಿ, ಹಾಳೆಯಾಗಿ ಹೊರಬರುತ್ತಿತ್ತು. ಹಗಲೆಲ್ಲ ಬಿದಿರನ್ನು ಬೇಯಿಸುವ ಯಂತ್ರದ ಮುಂದೆ ನಿಂತ ಕೆಲಸಗಾರ ಸಂಜೆ ಮನೆಗೆ ಬಂದು ಬೇಯಿಸಿದ ಕಳಲೆಯ ಹುಳಿಯನ್ನು ಉಣ್ಣುತ್ತಿದ್ದ. ಒಂದೇ ಗಿಡದ ಎಳೆತನ ಅಡಿಗೆಮನೆಗೆ, ಬಲಿತದ್ದು ಕಾರ್ಖಾನೆಗೆ. ಹಲವು ದಶಕಗಳಿಗೊಮ್ಮೆ ಬಿದಿರು ಮೆಳೆಗಳೆಲ್ಲ ಒಟ್ಟಿಗೆ ಹೂಬಿಟ್ಟು ಸಾಯುತ್ತವೆ. ಆಗ ಉದುರುವ ಬಿದಿರಕ್ಕಿಯೂ ಸಂತೆಗೆ ಬರುತ್ತದೆ.

ಕಳಲೆ ಮುಗಿಯುವ ಹೊತ್ತಿಗೆ ಅಣಬೆ, ಕೆಸುವಿನ ಎಲೆ, ಅಮಟೆಕಾಯಿ. ಬೇಸಗೆಯ ಆರಂಭದಲ್ಲಿ ಸಾಗರ, ಹೊಸನಗರ, ರಿಪ್ಪನ್‌ಪೇಟೆಗಳ ಕಡೆಯಿಂದ ಅಪ್ಪೆಮಿಡಿ. ಕಾಡಹೊಳೆಗಳ ದಡದಲ್ಲಿ ಬೆಳೆಯುವ ಈ ಮಾವಿನ ಮಿಡಿಯನ್ನು ತೂಕಕ್ಕೆ ಹಾಕಿ ಕೊಡುವುದಿಲ್ಲ, ಎಣಿಸಿ ಕೊಡುತ್ತಾರೆ. ಬಲ್ಲವರು ತೊಟ್ಟನ್ನು ಮುರಿದು, ಸೊನೆಯ ಪರಿಮಳವನ್ನು ನೋಡಿ, ಆಮೇಲೆ ಬೆಲೆಯ ಮಾತಿಗೆ ಬರುತ್ತಾರೆ. ತೊಟ್ಟು ಬಿದ್ದ ಮಿಡಿ, ಪೆಟ್ಟುಬಿದ್ದ ಮಿಡಿ ಭರಣಿಯಲ್ಲಿ ನಿಲ್ಲುವುದಿಲ್ಲ. ಹಾಗೆ ಆರಿಸಿ ಉಪ್ಪಿನಲ್ಲಿ ಹಾಕಿದ ಮಿಡಿ ವರ್ಷಗಟ್ಟಲೆ ಬಾಳುತ್ತದೆ. ಹೊಸಬರು ತೊಟ್ಟನ್ನು ಮುರಿದು ಮೂಸಲು ನಾಚುತ್ತಾರೆ. ಮಾರುವವಳಿಗೆ ಅದರಿಂದ ಕೋಪವಿಲ್ಲ. ಮೂಸಿ ನೋಡುವ ಗಿರಾಕಿಯನ್ನು ಕಂಡರೆ ಅವಳಿಗೆ ಗೌರವವೇ ಹೆಚ್ಚು.

ಮಾತಿನ ತೊಡಕೂ ಉಂಟು. ಕನ್ನಡವೇ ಮನೆಮಾತಾದವರಿಗೂ ಸಂತೆಯ ಕನ್ನಡ ಬೇರೆ. ಬೆಂಗಳೂರಿನವರು ಕಡಲೆಪುರಿ ಎನ್ನುವುದನ್ನು ಶಿವಮೊಗ್ಗೆಯವರು ಮಂಡಕ್ಕಿ ಎನ್ನುತ್ತಾರೆ. ಧಾರವಾಡದ ಕಡೆಗೆ ಹೋದರೆ ಅದೇ ಚುರುಮುರಿ. ಅಳತೆಗಳೂ ಹಾಗೆಯೇ. 1960ರ ದಶಕದಿಂದ ಕಿಲೋಗ್ರಾಂ, ಲೀಟರುಗಳು ದೇಶಕ್ಕೆಲ್ಲ ಸಮನಾದ ಅಳತೆಗಳಾದರೂ ಹೂವು ಇಂದಿಗೂ ಮಾರು, ಮೊಳಗಳಲ್ಲಿಯೇ ಇದೆ. ಸೊಪ್ಪು ಕಟ್ಟಿನ ಲೆಕ್ಕ, ಬಾಳೆಯೆಲೆ ಎಣಿಕೆಯ ಲೆಕ್ಕ. ಮೊಳವೆಂದರೆ ಯಾರ ಮೊಳ? ಹೂವಾಡಗಿತ್ತಿಯ ಮೊಳವೇ. ಅವಳ ಕೈ ಗಿಡ್ಡವೆಂದು ವಾದಿಸಿ ಗೆದ್ದವರಿಲ್ಲ.

ಅಳೆದು ತೂಗಿ ಮುಗಿದ ಮೇಲೆ ಮಾರುವವಳು ಒಂದು ಹಿಡಿ ಸೊಪ್ಪನ್ನೋ ನಾಲ್ಕು ಮೆಣಸಿನಕಾಯಿಯನ್ನೋ ಚೀಲಕ್ಕೆ ಹಾಕುತ್ತಾಳೆ. ಅದಕ್ಕೆ ಕೊಸರು ಎಂದು ಹೆಸರು. ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಕೊಸರಿಗೆ ಸ್ಥಾನವಿದ್ದಂತಿಲ್ಲ, ಆದರೆ ಸಂತೆ ನಿಂತಿರುವುದು ಅರ್ಧಕ್ಕರ್ಧ ಅದರ ಮೇಲೆ. ಕೊಸರನ್ನು ಜಗಳವಾಡಿ ಪಡೆಯಲಾಗದು. ಮುಂದಿನ ವಾರ ಮತ್ತೆ ಬರುವವನೆಂಬ ನಂಬಿಕೆಯ ಮೇಲೆ ಅದು ಬರುತ್ತದೆ. ಚೌಕಾಶಿಯಲ್ಲಿಯೇ ಪೌರುಷವಿದೆಯೆಂದು ತಿಳಿದು, ನಸುಕಿನಲ್ಲೆದ್ದು ಹತ್ತು ಮೈಲಿಯಿಂದ ಬುಟ್ಟಿ ಹೊತ್ತು ಬಂದವಳ ಬಳಿ ಎರಡು ರೂಪಾಯಿಗೆ ಅರ್ಧ ಗಂಟೆ ವಾದಿಸಿ, ಅದೇ ಸಂಜೆ ಬೆಲೆಪಟ್ಟಿ ಅಂಟಿಸಿದ ಡಬ್ಬಕ್ಕೆ ಮಾತಿಲ್ಲದೆ ಹಣ ತೆರುವ ವಿವೇಕಿಗಳು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಕೆಲವು ಪ್ರವಾಸಿಗಳು ಇದನ್ನೇ ಊರಿನವರಂತೆ ವ್ಯಾಪಾರ ಮಾಡುವುದು ಎಂದು ತಿಳಿದಿದ್ದಾರೆ. ಊರಿನವರಿಗೆ ಆ ಮಾರುವವಳ ಮಗನ ಹೆಸರು ಗೊತ್ತಿರುತ್ತದೆ. ಅವರ ಚೌಕಾಶಿಯ ರೀತಿಯೇ ಬೇರೆ.

ಹೋಟೆಲಿನ ಊಟದ ವಿಷಯದಲ್ಲಿಯೂ ಇದೇ ಮಾತು. ಎಲ್ಲ ಊರುಗಳಲ್ಲಿಯೂ ಒಂದೇ ರುಚಿಯ ತಿಂಡಿ ಕೊಡುವ ಹೋಟೆಲುಗಳು ಬಸ್ ನಿಲ್ದಾಣದ ಎದುರಿಗೇ ಇರುತ್ತವೆ. ಊರಿನ ಊಟ ಬೇಕೆನ್ನುವವನು ಎರಡು ಬೀದಿ ಒಳಗೆ ನಡೆಯಬೇಕು. ಹಲಗೆಯ ಮೇಲೆ ಬರೆದ ಪಟ್ಟಿಯನ್ನು ಓದುವುದಕ್ಕಿಂತ ಪಕ್ಕದ ಬೆಂಚಿನವರ ಎಲೆಯನ್ನು ನೋಡುವುದು ಲೇಸು. ಅಕ್ಕಿಯ ತರಿಯನ್ನು ಬೇಯಿಸಿ ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ ಕಡುಬು, ಕೆಂಡದ ಮೇಲೆ ಉಬ್ಬಿದ ಅಕ್ಕಿರೊಟ್ಟಿ, ಅದಕ್ಕೆ ಹೊಂದುವ ಚಟ್ನಿಯೋ ಮೀನಿನ ಸಾರೋ ಇವು ಮಲೆನಾಡಿನ ನಿಜವಾದ ಬೆಳಗಿನ ಆಹಾರ. ಭದ್ರಾವತಿಯಿಂದ ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ಅಕ್ಕಿಯ ಜಾಗವನ್ನು ರಾಗಿ ಹಿಡಿಯುತ್ತದೆ, ಕಡುಬಿನ ಜಾಗಕ್ಕೆ ಮುದ್ದೆ ಬರುತ್ತದೆ. ಮಲೆನಾಡು ಮುಗಿದು ಬಯಲುಸೀಮೆ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಭೂಪಟಕ್ಕಿಂತ ಊಟದ ಎಲೆ ಸ್ಪಷ್ಟವಾಗಿ ತೋರಿಸುತ್ತದೆ. ಕಡಲಿನ ಮೀನು ಘಟ್ಟ ಹತ್ತಿ ಶಿವಮೊಗ್ಗೆಗೆ ಬರುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಸಂತೆಯಲ್ಲಿ ಒಣಮೀನಿನದೇ ರಾಜ್ಯ. ಆ ತಿಂಗಳಲ್ಲಿ ಹಸಿಯ ಬಂಗುಡೆಯೇ ಬೇಕೆಂದು ಹಟಹಿಡಿಯುವವನು ಊರಿಗೆ ಹೊಸಬನೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹೊಸ ಊರನ್ನು ಅದರ ಸಂತೆಯಿಂದ ಅರಿಯುವ ಪದ್ಧತಿ ಇಂದು ನಿನ್ನೆಯದಲ್ಲ. ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕನನ್ 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ. 1801ರಲ್ಲಿ ಅವನು ಇಕ್ಕೇರಿ, ಶಿವಮೊಗ್ಗೆಗಳನ್ನೂ ಹಾದುಹೋದ. ಹೋದಹೋದಲ್ಲೆಲ್ಲ ಅವನು ಯಾವ ಧಾನ್ಯ ಬೆಳೆಯುತ್ತದೆ, ಯಾವ ಅಳತೆಯಲ್ಲಿ ಅಳೆಯುತ್ತಾರೆ, ಬೆಲೆಯೆಷ್ಟು ಎಂದು ಕೇಳಿ ಬರೆದುಕೊಂಡ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆ ವರದಿ ಇಂದಿಗೂ ಇತಿಹಾಸಕಾರರಿಗೆ ಬೇಕಾದ ಗ್ರಂಥ. ಆದರೆ ಅವನು ಕುಂಪಣಿ ಸರ್ಕಾರದ ಅಪ್ಪಣೆಯ ಮೇಲೆ ಬಂದವನು. ಅಳತೆಯನ್ನು ಕೇಳಿದ್ದು ರಾಜ್ಯದ ಉತ್ಪನ್ನವೆಷ್ಟೆಂದು ತಿಳಿಯಲು. ಸಂತೆಯನ್ನು ಅಷ್ಟು ಚೆನ್ನಾಗಿ ಕಂಡವನೂ ಸಂತೆಯವನಾಗಲಿಲ್ಲ.

ನೆಲದ ಮೇಲಿನ ಪ್ರಯಾಣಿಕನಿಗೆ ಗಂಟು ಕಟ್ಟಿಕೊಂಡು ಬರುವ ಅನುಕೂಲವಾದರೂ ಇದೆ. ಸಣ್ಣ ಹಾಯಿದೋಣಿಯಲ್ಲಿ ಕಡಲನ್ನು ಸುತ್ತುವವನಿಗೆ ಅದೂ ಕಡಿಮೆ. ಅಮೆರಿಕ ಖಂಡಗಳ ನಡುವಿನ ಕೆರಿಬಿಯನ್ ಸಮುದ್ರದಲ್ಲಿ ದ್ವೀಪದಿಂದ ದ್ವೀಪಕ್ಕೆ ಹಾಯಿ ಬಿಚ್ಚಿ ಹೋಗುವ ಯಾತ್ರಿಕರು ಇಂದು ಬಹಳ ಮಂದಿ. ದೋಣಿಯಲ್ಲಿ ಸ್ಥಳ ಅಲ್ಪ, ನೀರು ಅಲ್ಪ, ತಂಪುಪೆಟ್ಟಿಗೆ ಇದ್ದರೂ ಅದಕ್ಕೆ ವಿದ್ಯುತ್ತು ಅಲ್ಪ. ಬಂದರಿಗೆ ಬಂದವರಲ್ಲಿ ಕೆಲವರು ತಮ್ಮ ದೇಶದ ಡಬ್ಬದ ಆಹಾರವನ್ನೇ ಹುಡುಕಿ, ಹಡಗಿನ ಬಾಡಿಗೆ ಸೇರಿದ ದುಬಾರಿ ಬೆಲೆಯನ್ನು ತೆತ್ತು, ಗೊಣಗುತ್ತ ದೋಣಿಗೆ ಹಿಂದಿರುಗುತ್ತಾರೆ. ಜಾಣರು ದ್ವೀಪದ ಪೇಟೆಗೆ ಹೋಗಿ, ಕಾಯಿಪಲ್ಲೆ ಮಾರುವ ಹೆಂಗಸಿನ ಮುಂದೆ ಕುಳಿತು, ಇವತ್ತು ಏನು ಬಂದಿದೆ ಎಂದು ಕೇಳುತ್ತಾರೆ. ಕಾಗದನಗರದ ಮನೆಯೊಡತಿ ಅಜ್ಜಿಯ ಮುಂದೆ ಕುಳಿತಂತೆಯೇ ಇದು.

ಮಲೆನಾಡಿನ ಹುಡುಗನೊಬ್ಬ ಆ ಪೇಟೆಯಲ್ಲಿ ನಿಂತರೆ ಅವನಿಗೆ ಆಶ್ಚರ್ಯ ಕಾದಿರುತ್ತದೆ. ಟ್ರಿನಿಡಾಡ್ ದ್ವೀಪದವರ ಅಚ್ಚುಮೆಚ್ಚಿನ ‘ಕಲಲೂ’ ಎಂಬ ಅಡಿಗೆಗೆ ಮುಖ್ಯ ಸಾಮಗ್ರಿ ಕೆಸುವಿನ ಎಲೆ. ಬೆಂಡೆಕಾಯಿ, ತೆಂಗಿನ ಹಾಲು ಸೇರಿಸಿ ಅದನ್ನು ಬೇಯಿಸುತ್ತಾರೆ. ಪತ್ರೊಡೆಯನ್ನು ಉಂಡು ಬೆಳೆದವನಿಗೆ ಆ ಎಲೆಯ ಪರಿಚಯ ಮಾಡಿಸಬೇಕೇ? ಪಕ್ಕದ ಬುಟ್ಟಿಯಲ್ಲಿ ದೀವಿಹಲಸು ಇರುತ್ತದೆ. ಶಾಂತಸಾಗರದ ತಾಹಿಟಿ ದ್ವೀಪದಿಂದ ಅದರ ಸಸಿಗಳನ್ನು ನೌಕಾಧಿಕಾರಿ ವಿಲಿಯಂ ಬ್ಲೈ 1793ರಲ್ಲಿ ಅಲ್ಲಿಗೆ ತಂದ. ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರಿಗೆ ಅಗ್ಗದ ಆಹಾರವಾಗಲೆಂಬುದು ಮಾಲೀಕರ ಉದ್ದೇಶವಾಗಿತ್ತು. ಇಂದು ಅದು ಅಲ್ಲಿಯವರೆಲ್ಲರ ಊಟ. ಇನ್ನೊಂದು ಮೂಲೆಯಲ್ಲಿ ಬೇಳೆ ತುಂಬಿದ ರೊಟ್ಟಿ ಮಾರುತ್ತಾರೆ. 1845ರ ಮೇ 30ರಂದು ಭಾರತದ ಕೂಲಿಗಳನ್ನು ಹೊತ್ತ ಮೊದಲ ಹಡಗು ಟ್ರಿನಿಡಾಡಿಗೆ ಮುಟ್ಟಿತು. ಕಬ್ಬಿನ ತೋಟಕ್ಕೆ ಹೋದ ಆ ಬಡವರು ಕೈಯಲ್ಲಿ ಏನನ್ನೂ ಒಯ್ಯದಿದ್ದರೂ ನಾಲಗೆಯಲ್ಲಿ ಊರನ್ನು ಒಯ್ದಿದ್ದರು.

ಸರಕು ಎದುರು ದಿಕ್ಕಿನಲ್ಲಿಯೂ ಬಂದಿದೆ. ಕೊಲಂಬಸ್ 1493ರಲ್ಲಿ ಆ ದ್ವೀಪಗಳಲ್ಲಿ ಕಂಡ ವಸ್ತುಗಳಲ್ಲಿ ಮೆಣಸಿನಕಾಯಿಯೂ ಅನಾನಸೂ ಸೇರಿವೆ. ಪೋರ್ತುಗೀಸರ ಹಡಗುಗಳ ಮೂಲಕ ಆ ಖಂಡದ ಮೆಣಸಿನಕಾಯಿ ನಮ್ಮ ಕರಾವಳಿಯಲ್ಲಿ ಇಳಿಯಿತು. ಅದಕ್ಕೆ ಮೊದಲು ನಮ್ಮ ಅಡಿಗೆಗೆ ಖಾರವನ್ನು ಕೊಡುತ್ತಿದ್ದುದು ಕಾಳುಮೆಣಸು, ಶುಂಠಿ. ಇಂದು ಮೆಣಸಿನಕಾಯಿಯಿಲ್ಲದ ಉಪ್ಪಿನಕಾಯಿಯನ್ನು ಯಾವ ಅಜ್ಜಿಯೂ ಒಪ್ಪುವುದಿಲ್ಲ. ಅದು ಪರದೇಶದ್ದು ಎಂದು ಹೇಳಿದರಂತೂ ಹೇಳಿದವನನ್ನೇ ಸಂದೇಹದಿಂದ ನೋಡುತ್ತಾಳೆ. ಅನಾನಸು ಸೊರಬ, ಸಾಗರದ ಹೊಲಗಳಲ್ಲಿ ತಾನು ಅಲ್ಲಿಯೇ ಹುಟ್ಟಿದ್ದೆಂಬಂತೆ ಬೆಳೆದುನಿಂತಿದೆ. ಸಂತೆಯಲ್ಲಿರುವ ಅರ್ಧ ಪದಾರ್ಥಗಳು ಒಂದು ಕಾಲದಲ್ಲಿ ಹೊಸಬರೇ. ಅವುಗಳಿಗೆ ಊರು ಜಾಗ ಕೊಟ್ಟಿತು.

ಹೊಸ ಊರಿನಲ್ಲಿ ಕಂಡದ್ದನ್ನೆಲ್ಲ ಬಾಯಿಗೆ ಹಾಕಬೇಕೆಂದು ಇದರಿಂದ ಅರ್ಥವಾಗುವುದಿಲ್ಲ. ಕಾಡಿನ ಅಣಬೆಯನ್ನು ಗುರುತು ಬಲ್ಲವರಿಂದಲ್ಲದೆ ಕೊಳ್ಳುವುದು ಪ್ರಾಣಕ್ಕೆ ಸಂಚಕಾರ. ನೀರನ್ನು ಕುದಿಸಿ ಕುಡಿಯುವುದು ಯಾವ ಊರಿಗೂ ಅವಮಾನವಲ್ಲ. ಮೀನು, ಮಾಂಸಗಳನ್ನು ತಿನ್ನದವರು ಆ ನಿಯಮವನ್ನು ಬಿಡಬೇಕಾಗಿಯೂ ಇಲ್ಲ. ಆದರೆ ತಾನು ತಿನ್ನದೆ ಇರುವುದು ಬೇರೆ, ತಿನ್ನುವವನನ್ನು ಕಂಡು ಮೂಗು ಮುಚ್ಚುವುದು ಬೇರೆ. ಕಾಗದನಗರದ ಸಾಲುಮನೆಗಳಲ್ಲಿ ಒಂದು ಗೋಡೆಯ ಆಚೆ ಒಣಮೀನು ಹುರಿಯುತ್ತಿದ್ದರೆ ಈಚೆ ಏಕಾದಶಿಯ ಉಪವಾಸ ನಡೆಯುತ್ತಿತ್ತು. ಆ ಗೋಡೆಯ ಮೇಲಿನಿಂದ ಮಜ್ಜಿಗೆಯ ಪಾತ್ರೆ, ಕರಿಬೇವಿನ ಎಸಳು, ಹಲಸಿನ ತೊಳೆಗಳು ಆಚೀಚೆ ದಾಟುತ್ತಿದ್ದವು.

ಕಾಗದದ ಕಾರ್ಖಾನೆ ಈಗ ನಿಂತಿದೆ. 1977ರಲ್ಲಿ ಸರ್ಕಾರದ ಕಂಪನಿಯಾಗಿ, 1980ರ ದಶಕದಲ್ಲಿ ಪತ್ರಿಕೆಗಳಿಗೆ ಕಾಗದವನ್ನು ಒದಗಿಸುತ್ತ, ಕಬ್ಬಿನ ಸಿಪ್ಪೆಯನ್ನೂ ಕಾಗದವನ್ನಾಗಿ ಮಾಡುತ್ತಿದ್ದ ಅದರ ಉತ್ಪಾದನೆ 2015ರ ಸುಮಾರಿಗೆ ಸ್ಥಗಿತವಾಯಿತು. ನೌಕರರಲ್ಲಿ ಬಹುಮಂದಿ ಸ್ವಯಂನಿವೃತ್ತಿ ಪಡೆದರು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಪ್ರಕಟವಾದಾಗ ಕಾರ್ಮಿಕರು ದೀರ್ಘವಾದ ಹೋರಾಟಕ್ಕೆ ಕುಳಿತರು. ಕಾರ್ಖಾನೆಯ ಸಿಳ್ಳು ನಿಂತದ್ದನ್ನು ಪತ್ರಿಕೆಗಳು ಬರೆದವು. ಸಂತೆಯ ಬುಟ್ಟಿ ಸಂಜೆಯವರೆಗೂ ಖಾಲಿಯಾಗದೆ ಉಳಿಯತೊಡಗಿದ್ದನ್ನು ಬುಟ್ಟಿಯವಳು ಮಾತ್ರ ಬಲ್ಲಳು. ತಿಂಗಳ ಸಂಬಳದ ದಿನ ಎರಡು ಚೀಲ ತುಂಬುತ್ತಿದ್ದವರು ಅರ್ಧ ಚೀಲಕ್ಕೆ ಇಳಿದರು. ಕೆಲವರು ಬರುವುದೇ ನಿಂತಿತು. ಗಿಡಗಂಟಿ ಬೆಳೆದ ಖಾಲಿ ವಸತಿಗಳ ಹಿತ್ತಿಲಿನಲ್ಲಿ ಯಾರೋ ಎಂದೋ ನೆಟ್ಟ ನುಗ್ಗೆ, ಕರಿಬೇವು, ಪಪಾಯಿಗಳು ನಿಂತಿವೆ.

ಎಲ್ಲರೂ ತಮ್ಮ ಮೂಲದ ಊರಿಗೆ ಹಿಂದಿರುಗಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ನಿವೃತ್ತರಾಗಿ ಭದ್ರಾವತಿಯಲ್ಲಿಯೇ ಸಣ್ಣ ಮನೆ ಕಟ್ಟಿಕೊಂಡವರು ಅನೇಕರು. ಮೂಲದ ಊರಿನಲ್ಲಿ ಅವರಿಗೆ ಮನೆಯಿದ್ದೀತು, ಬಂಧುಗಳೂ ಇದ್ದಾರು. ಆದರೆ ಅಲ್ಲಿಯ ಸಂತೆಯಲ್ಲಿ ಅವರೀಗ ಹೊಸಬರು. ಇಲ್ಲಿ ಬುಟ್ಟಿಯವಳು ದೂರದಿಂದಲೇ ಗುರುತು ಹಿಡಿದು, “ಅಮ್ಮೋರೆ, ಈ ವರ್ಷ ಮಿಡಿ ತಡ. ಮುಂದಿನ ವಾರ ಬನ್ನಿ, ಎತ್ತಿಟ್ಟಿರ್ತೀನಿ” ಎನ್ನುತ್ತಾಳೆ.

ಅವರ ಮಕ್ಕಳು ಬೆಂಗಳೂರಿನಲ್ಲಿಯೋ ಚೆನ್ನೈಯಲ್ಲಿಯೋ ಕೆಲಸದಲ್ಲಿದ್ದಾರೆ. ಶ್ರಾವಣದ ಹೊತ್ತಿಗೆ ಭದ್ರಾವತಿಯಿಂದ ರಾತ್ರಿ ಹೊರಡುವ ಬಸ್ಸುಗಳಲ್ಲಿ ಅವರಿಗಾಗಿ ಗಂಟುಗಳು ಹೋಗುತ್ತವೆ. ಒಂದರಲ್ಲಿ ಉಪ್ಪುನೀರಿನಲ್ಲಿ ಹಾಕಿದ ಕಳಲೆ, ಇನ್ನೊಂದರಲ್ಲಿ ಅಪ್ಪೆಮಿಡಿಯ ಭರಣಿ, ಬಾಯಿಗೆ ಬಟ್ಟೆ ಕಟ್ಟಿ ಮೇಲೆ ಮೇಣ ಹಚ್ಚಿದ್ದು. ಜೊತೆಗೆ ಒಂದು ಚೀಟಿ: ಭರಣಿಗೆ ಒದ್ದೆ ಸೌಟು ಹಾಕಬೇಡಿ.